ಗುರುವಾರದ ನಾಲ್ಕನೇ ಪಿರಿಯಡ್

ಡ್ರಾಯಿಂಗ್ ಟೀಚರ್ ಆಗಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಸೀಮೆಸುಣ್ಣ ಕೊಡಲಿಲ್ಲ. ಒಂದು ಡಬ್ಬ ನೀಲಿ ಎನಾಮಲ್ ಪೇಂಟು, ಎರಡು ಬ್ರಷ್ಷು ಕೊಟ್ಟು, "ಕಾಂಪೌಂಡ್ ಗೋಡೆ ಖಾಲಿ ಐತೆ ನೋಡ್ರಿ, ಏನಾದ್ರೂ ನಾಲ್ಕು ಒಳ್ಳೆ ಮಾತು ಬರ್ದುಬಿಡ್ರಿ" ಎಂದರು ಹೆಡ್ ಮಾಸ್ಟರು. ಅದು ಚಳ್ಳಕೆರೆಯ ಹೈಸ್ಕೂಲು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಸಿಲಲ್ಲಿ ನಿಂತು ಶಿಸ್ತು, ಸ್ವಚ್ಛತೆ, ಸಮಯಪಾಲನೆ ಎಂದು ಬರೆದೆ. ನಮ್ಮಪ್ಪ ಅದೇ ಊರಿನಲ್ಲಿ ಎಣ್ಣೆ ಮಿಲ್ಲುಗಳ ಬೋರ್ಡು ಬರೆಯುತ್ತಿದ್ದವರು, ಟ್ರ್ಯಾಕ್ಟರ್ ಟ್ರೈಲರುಗಳ ಹಿಂದೆ ಹೂಬಳ್ಳಿ ಬಿಡಿಸುತ್ತಿದ್ದವರು. ಸಾಯಂಕಾಲ ಸೈಕಲ್ಲಿನಲ್ಲಿ ಆ ಕಡೆ ಬಂದವರು ಗೋಡೆ ನೋಡಿ, "ಇದನ್ನ ಬರಿಯೋಕೆ ಡಿಪ್ಲೊಮಾ ಯಾಕವ್ವ ಬೇಕಿತ್ತು? ನನ್ನ ಹಿಂದೆ ಎರಡು ತಿಂಗಳು ಓಡಾಡಿದ್ರೆ ಸಾಕಿತ್ತಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹೋದ ವರ್ಷ ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನನಗೆ ಬಡ್ತಿ ಬರಲಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯುವ ಕಷ್ಟವೂ ಇಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನಿಮಗೆ ಗೌರವಧನ, ಹತ್ತು ತಿಂಗಳ ನೇಮಕ. ನನಗೆ ಕಾಯಂ ಆದೇಶ ಇತ್ತು, ಜಗಳ ಆಡುವ ಧೈರ್ಯದಲ್ಲಿ ಅರ್ಧ ಆ ಆದೇಶದ್ದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಆಡಿಕೊಳ್ಳಬಾರದು.

ಮೊದಲ ನಾಲ್ಕು ವರ್ಷ ನಾನು ಕೇಳಿದವರಿಗೆಲ್ಲ ನನ್ನ ಪಿರಿಯಡ್ ಕೊಟ್ಟೆ. ಸಮಾಜದವರಿಗೆ ಪಾಠ ಮುಗಿದಿಲ್ಲ, ತಗೊಳ್ಳಿ. ವಿಜ್ಞಾನದವರಿಗೆ ಪ್ರಯೋಗ ಬಾಕಿ ಇದೆ, ತಗೊಳ್ಳಿ. ಗಣಿತದವರಂತೂ ಕೇಳುತ್ತಲೂ ಇರಲಿಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು, ನಾನು ಎದ್ದು ಹೊರಗೆ ಬರುತ್ತಿದ್ದೆ. ಬದಲಿಗೆ ಎಲ್ಲರೂ ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದರು. ಒಳ್ಳೆಯವಳಿಗೆ ಸಿಕ್ಕ ಕೆಲಸಗಳೆಂದರೆ ಬ್ಯಾನರು, ಪ್ರಮಾಣಪತ್ರದಲ್ಲಿ ಹೆಸರು, ಧ್ವಜದ ಕೆಳಗೆ ರಂಗೋಲಿ, ಬೀಳ್ಕೊಡುಗೆಯ ದಿನ ವೇದಿಕೆಯ ಹಿಂದೆ ಥರ್ಮಾಕೋಲಿನ ಅಕ್ಷರ. ನನ್ನ ಅತಿ ದೊಡ್ಡ ತಪ್ಪು ಯಾವುದು ಎಂದು ಕೇಳಿದರೆ ಈ ಒಳ್ಳೆಯತನವೇ ಎನ್ನುತ್ತೇನೆ. ಎರಡನೆಯ ತಪ್ಪು ಅದಕ್ಕಿಂತ ಬಹಳ ಚಿಕ್ಕದೇನಲ್ಲ.

ನನಗೆ ಪಾಠಗಳಲ್ಲೆಲ್ಲ ಇಷ್ಟವಾದದ್ದು ಕಲೆಯ ಇತಿಹಾಸ. ಗುಹೆಗಳ ಕಾಲದಿಂದ ಹಿಡಿದು ಮನುಷ್ಯರು ಯಾಕೆ ಒಂದೊಂದು ಕಾಲದಲ್ಲಿ ಒಂದೊಂದು ಥರ ಬಿಡಿಸಿದರು, ಒಂದು ಪಂಥದವರು ಹಿಂದಿನ ಪಂಥದವರ ಮೇಲೆ ಯಾಕೆ ಮುನಿಸಿಕೊಂಡರು, ಇವೆಲ್ಲ. ಪುಸ್ತಕದಲ್ಲಿ ಅದು ಎರಡೋ ಮೂರೋ ಪುಟ, ಪಬ್ಲಿಕ್ ಪರೀಕ್ಷೆಯಲ್ಲಿ ಅಂಕವಿಲ್ಲ. ನಾನು ಕಾಲೇಜಿನಲ್ಲಿ ಬರೆದುಕೊಂಡಿದ್ದ ನೋಟ್ಸನ್ನೇ ಮಕ್ಕಳಿಗೆ ಬರೆಸುತ್ತಿದ್ದೆ. ಪಂಥದ ಹೆಸರು, ಕಾಲ, ದೇಶ, ಲಕ್ಷಣಗಳು. ಮಕ್ಕಳು ಉರು ಹೊಡೆದು ಒಪ್ಪಿಸುತ್ತಿದ್ದರು. ಒಂದು ದಿನ ವಿಷಯ ಪರಿವೀಕ್ಷಕರು ಬಂದರು. ಹತ್ತನೇ ತರಗತಿಯ ಹೊನ್ನೂರಪ್ಪ ಎದ್ದು ನಿಂತು, ಬಯಲಲ್ಲಿ ನಿಂತು ಬೆಳಕನ್ನು ಬಿಡಿಸಿದ ಪಂಥದ ಲಕ್ಷಣಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ. ನಾನು ಹಿಂದೆ ನಿಂತು ಬೀಗುತ್ತಿದ್ದೆ.

ಪರಿವೀಕ್ಷಕರು ತಮ್ಮ ಚೀಲದಿಂದ ಒಂದು ಚಿತ್ರ ತೆಗೆದು ಅವನ ಮುಂದೆ ಹಿಡಿದರು. "ಸರಿ ಕಣಪ್ಪ, ಇದೂ ಆ ಪಂಥದ್ದೇ. ಇದರಲ್ಲಿ ಬೆಳಕು ಯಾವ ಕಡೆಯಿಂದ ಬರ್ತಾ ಐತೆ?"

ಹೊನ್ನೂರಪ್ಪ ಚಿತ್ರ ನೋಡಿದ, ನನ್ನನ್ನು ನೋಡಿದ. "ಬೆಳಕು ನೋಟ್ಸಲ್ಲಿ ಇಲ್ಲ ಸಾರ್" ಎಂದ.

ಪರಿವೀಕ್ಷಕರು ದೊಡ್ಡ ಮನುಷ್ಯರು, ಅವನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಹೋಗುವಾಗ ಆ ಚಿತ್ರವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ನಾಲ್ಕು ವರ್ಷ ನಾನು ಒಂದೂ ಚಿತ್ರ ತೋರಿಸದೆ ಚಿತ್ರಗಳ ಪಾಠ ಮಾಡಿದ್ದೆ. ಆ ದಿನದ ನಾಚಿಕೆ ಈಗಲೂ ಇದೆ, ಹಳೆಯದಾಗಿಲ್ಲ.

ಅವತ್ತಿನಿಂದ ಚಿತ್ರ ಕೂಡಿಹಾಕತೊಡಗಿದೆ. ಬ್ಯಾಂಕಿನ ಕ್ಯಾಲೆಂಡರು, ಎಣ್ಣೆ ಮಿಲ್ಲಿನ ಕ್ಯಾಲೆಂಡರು, ಹಳೇ ಪೇಪರ್ ಅಂಗಡಿಯ ವಿದೇಶಿ ಪತ್ರಿಕೆಗಳು, ದಾವಣಗೆರೆಯ ರಸ್ತೆ ಬದಿಯ ಪುಸ್ತಕದ ರಾಶಿ. ಕತ್ತರಿಸಿ ರಟ್ಟಿಗೆ ಅಂಟಿಸಿ ಟ್ರಂಕಿನಲ್ಲಿ ಇಡುತ್ತಿದ್ದೆ. ಮೊದಲ ಸಲ ಗುಹೆಯ ಗೋಡೆಯ ಮೇಲಿನ ಎತ್ತಿನ ಚಿತ್ರ ತೋರಿಸಿದಾಗ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಬೆಂಚು ಬಿಟ್ಟು ಎದ್ದು ಬಂದ. "ಟೀಚರ್, ಇದು ಬೆದರೈತೆ. ಬಾಲ ನೋಡ್ರಿ, ಕಿವಿ ನೋಡ್ರಿ. ಇದನ್ನ ಬರ್ದೋನು ದನ ಕಾದೋನೇ ಇರ್ಬೇಕು" ಎಂದ. ನನ್ನ ಡಿಪ್ಲೊಮಾದಲ್ಲಿ ಆ ಬಾಲದ ಮಾತು ಯಾರೂ ಹೇಳಿರಲಿಲ್ಲ. ನೋಟ್ಸಿನ ಪುಸ್ತಕವನ್ನು ಆ ವಾರವೇ ಒಲೆಗೆ ಹಾಕಿದೆ. ಅವ್ವ ಅದರಲ್ಲಿ ನೀರು ಕಾಯಿಸಿದಳು.

ಆಮೇಲೆ ಮೊಳಕಾಲ್ಮೂರಿಗೆ ವರ್ಗ ಆಯಿತು. ಚಳ್ಳಕೆರೆಯಿಂದ ಬಹಳ ದೂರವೇನಲ್ಲ, ಆದರೆ ಬಸ್ಸು ಇಳಿದ ಕೂಡಲೇ ಕಿವಿಗೆ ತೆಲುಗು ಬೀಳುತ್ತಿತ್ತು, ಓಣಿಗೆ ಹೊಕ್ಕರೆ ಮಗ್ಗದ ಸದ್ದು. ಶಾಲೆಯ ಅರ್ಧ ಮಕ್ಕಳು ರೇಷ್ಮೆ ಸೀರೆ ನೇಯುವವರ ಮನೆಯವರು. ನಾನು ಅಲ್ಲಿಗೂ ಟ್ರಂಕು ಹೊತ್ತುಕೊಂಡು ಹೋದೆ. ವೇಳಾಪಟ್ಟಿಯಲ್ಲಿ ನನಗೆ ಬೇರೆ ಬೇರೆ ಪಿರಿಯಡ್ ಇದ್ದರೂ ಗುರುವಾರದ ನಾಲ್ಕನೆಯದನ್ನು ಕಲೆಯ ಇತಿಹಾಸಕ್ಕೆ ಅಂತ ಇಟ್ಟುಕೊಂಡೆ. ಊಟದ ಗಂಟೆಯ ಹಿಂದಿನದು. ಬಿಸಿಯೂಟದ ಸಾರಿನ ವಾಸನೆ ಬರುವ ಹೊತ್ತು, ಬೇರೆ ಯಾರಿಗೂ ಬೇಡವಾದ ಪಿರಿಯಡ್. ಹಾಗಾಗಿ ಹಲವು ವರ್ಷ ಅದು ನನ್ನ ಕೈಯಲ್ಲೇ ಉಳಿಯಿತು.

ಅಲ್ಲಿ ನನ್ನ ಕೊನೆಯ ವರ್ಷಗಳಲ್ಲಿ ಒಂಬತ್ತನೇ ತರಗತಿಗೆ ಪದ್ಮ ಎಂಬ ಹುಡುಗಿ ಬಂದಳು. ನಾನು ಚಿತ್ರಗಳನ್ನು ಬೆಂಚಿನಿಂದ ಬೆಂಚಿಗೆ ಕಳಿಸುತ್ತಿದ್ದೆ, ನಿಧಾನಕ್ಕೆ ನೋಡಿ ಮುಂದೆ ಕೊಡಬೇಕು. ಪದ್ಮಳ ಕೈಗೆ ಬಂದ ಕೂಡಲೇ ಅವಳು ಚಿತ್ರವನ್ನು ಮಗುಚಿ ಹಿಂಭಾಗ ನೋಡಿದಳು. ಉಗುರಿನಲ್ಲಿ ಕೆರೆದೂ ನೋಡಿದಳು. ಅದಕ್ಕೆ ನಾನು ಇನ್ನೂ ರಟ್ಟು ಅಂಟಿಸಿರಲಿಲ್ಲ, ಹಿಂದೆ ಶೇಂಗಾ ಎಣ್ಣೆಯ ಜಾಹೀರಾತು, ಏಪ್ರಿಲ್ ತಿಂಗಳು. ಮಕ್ಕಳು ಕಿಸಕ್ಕೆಂದು ನಕ್ಕರು. ನನ್ನ ಬಡತನದ ಟ್ರಂಕನ್ನು ಆಡಿಕೊಳ್ಳುತ್ತಿದ್ದಾಳೆ ಎಂದು ನನಗೆ ರೇಗಿತು. "ಹೊರಗೆ ನಿಂತ್ಕೋ" ಎಂದೆ. ಪಿರಿಯಡ್ ಮುಗಿಯುವವರೆಗೂ ಅವಳು ವರಾಂಡದಲ್ಲಿ ನಿಂತಿದ್ದಳು.

ಊಟದ ಹೊತ್ತಿಗೆ ಇದನ್ನು ಗಣಿತದ ವಿರೂಪಾಕ್ಷಪ್ಪನವರ ಮುಂದೆ ಹೇಳಿಕೊಂಡೆ. ಅವರು ಅದೇ ಊರಿನವರು. ತುತ್ತು ಕೈಯಲ್ಲೇ ಹಿಡಿದುಕೊಂಡು, "ಮೇಡಂ, ನೇಕಾರರ ಮಗು ಅದು. ಇಲ್ಲಿ ಸೀರೆ ಕೈಗೆ ಕೊಟ್ರೆ ಯಾರೂ ಮುಂಭಾಗ ನೋಡಲ್ಲ. ಮೊದ್ಲು ಹಿಂದೆ ತಿರುಗಿಸಿ ಎಳೆ ಎಲ್ಲಿ ಬಿಟ್ಟೈತೆ, ಎಲ್ಲಿ ಗಂಟು ಹಾಕ್ಯಾರೆ ಅಂತ ನೋಡ್ತಾರೆ. ಮುಂಭಾಗ ಮಾರೋರಿಗೆ, ಹಿಂಭಾಗ ಮಾಡೋರಿಗೆ" ಎಂದರು. ನಾನು ಡಬ್ಬಿ ಮುಚ್ಚಿದೆ. ಹೋಗಿ ಪದ್ಮಳನ್ನು ಕರೆದು ಏನು ನೋಡುತ್ತಿದ್ದೆ ಎಂದು ಕೇಳಿದೆ.

"ಹಿಂದೆ ಎಣ್ಣೆದು ಬಿಟ್ರೆ ಏನೂ ಇಲ್ವಲ್ಲ ಟೀಚರ್. ಹೆಂಗೆ ಮಾಡ್ಯಾರೆ ಅಂತ ಹೆಂಗೆ ಗೊತ್ತಾಗ್ತೈತೆ?" ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ಪ್ರಶ್ನೆ ಬಿಟ್ಟುಕೊಡಲಿಲ್ಲ.

ಹೇಗೆ ಮಾಡಿದರು, ಎಲ್ಲಿ ಎಡವಿದರು, ಎಲ್ಲಿ ಮುಚ್ಚಿದರು. ಇಷ್ಟು ವರ್ಷ ನಾನು ಮಕ್ಕಳಿಂದ ಕೇಳಿಸಿಕೊಳ್ಳಬೇಕೆಂದಿದ್ದ ಪ್ರಶ್ನೆಯೇ ಅದು. ಅದನ್ನು ಕೇಳಿದವಳನ್ನು ನಾನು ಹೊರಗೆ ನಿಲ್ಲಿಸಿದ್ದೆ. ಮರುದಿನ ಇಡೀ ತರಗತಿಯ ಎದುರು ಅವಳ ಹತ್ತಿರ ತಪ್ಪಾಯಿತು ಎಂದೆ. ಕೆಲವು ಸಹೋದ್ಯೋಗಿಗಳಿಗೆ ಅದು ಹಿಡಿಸಲಿಲ್ಲ, ಮಕ್ಕಳ ಮುಂದೆ ಸಸಾರ ಆಗಬಾರದು ಎಂದರು. ಆದರೆ ಏನು, ನಾನು ಆಗಲೇ ಆಗಿದ್ದೆ.

ಆ ಭಾನುವಾರ ಅವಳ ಮನೆಗೆ ಹೋದೆ. ಅಪ್ಪ ನಾಗಭೂಷಣ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಗೋಡೆಯಲ್ಲಿ ನೇಯ್ಗೆಯ ಮಾದರಿಯ ಗ್ರಾಫ್ ಹಾಳೆ, ಅದರಲ್ಲಿ ಚೌಕ ಚೌಕ ತುಂಬಿಸಿ ಮಾಡಿದ ನವಿಲು. ನಾನು ಟ್ರಂಕಿನಿಂದ ಒಂದು ಚಿತ್ರ ಒಯ್ದಿದ್ದೆ. ನದಿ ದಡದಲ್ಲಿ ಕೊಡೆ ಹಿಡಿದು ನಿಂತ ಜನ, ಇಡೀ ಚಿತ್ರ ಬಣ್ಣದ ಚುಕ್ಕಿಗಳಲ್ಲೇ ಮಾಡಿದ್ದು. ಪಠ್ಯದಲ್ಲಿ ಆ ಪಂಥಕ್ಕೆ ಒಂದೇ ಸಾಲು. ನಾಗಭೂಷಣ ಅದನ್ನು ಮೂಗಿನ ಹತ್ತಿರ ಹಿಡಿದರು, ಕೈ ಚಾಚಿ ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಹೆಂಡತಿಯನ್ನು ಕೂಗಿ ತೆಲುಗಿನಲ್ಲಿ, "ಇದಿ ಮನ ಪನೇ" ಎಂದರು. ಇದು ನಮ್ಮ ಕೆಲಸವೇ ಅಂತ.

"ದೂರಕ್ಕೆ ಮನುಷ್ಯ, ಹತ್ರಕ್ಕೆ ಬರೀ ಚುಕ್ಕಿ. ಯಾವ ಊರಿನೋರಮ್ಮ ಇವ್ರು?" ಎಂದು ನನ್ನನ್ನು ಕೇಳಿದರು.

"ಬೇರೆ ದೇಶದವರು. ಸತ್ತು ನೂರು ವರ್ಷದ ಮೇಲಾಯ್ತು" ಎಂದೆ.

"ಮಗ್ಗ ಇತ್ತೇನು?"

"ಇರಲಿಲ್ಲ. ಬ್ರಷ್ಷಲ್ಲೇ ಒಂದೊಂದು ಚುಕ್ಕಿ ಇಟ್ಟಿದ್ದು."

"ಅಯ್ಯೋ ಪಾಪ" ಎಂದರು ನಾಗಭೂಷಣ, ನಿಜವಾಗಿ ಮರುಗಿ. "ಮಗ್ಗ ಇದ್ದಿದ್ರೆ ಎಷ್ಟು ಬೇಗ ಆಗ್ತಿತ್ತು."

ಅಲ್ಲಿಂದ ನನ್ನ ಪಾಠದ ರೀತಿಯೇ ಬದಲಾಯಿತು. ಗುರುವಾರ ಒಂದೇ ಚಿತ್ರ. ಹತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ನೋಡಬೇಕು. ಆಮೇಲೆ ಇದನ್ನು ಮಾಡಿದವನು ಮೊದಲು ಏನು ಮಾಡಿದ, ಆಮೇಲೆ ಏನು ಮಾಡಿದ, ಎಲ್ಲಿ ಅಳಿಸಿದ ಎಂದು ಹೇಳಬೇಕು. ಪಂಥದ ಹೆಸರು ಕೊನೆಯ ಐದು ನಿಮಿಷಕ್ಕೆ. ವಸ್ತುವನ್ನು ಒಡೆದು ಎಲ್ಲ ಮಗ್ಗುಲನ್ನೂ ಒಟ್ಟಿಗೆ ತೋರಿಸುವ ಪಂಥದ ಪಾಠ ಮಾಡಿದ ವಾರ, ಪದ್ಮ ಒಂದು ನವಿಲು ಬಿಡಿಸಿಕೊಂಡು ಬಂದಳು. ಅರ್ಧ ನವಿಲು ಸೀರೆಯ ಮುಂಭಾಗದ್ದು, ಮಿರಮಿರ ಎನ್ನುವಂಥದ್ದು. ಇನ್ನರ್ಧ ಹಿಂಭಾಗದ್ದು, ತುಂಡು ಎಳೆ, ಗಂಟುಗಳ ಸಮೇತ. ಒಂದೇ ಕುತ್ತಿಗೆ. ಆ ಹಾಳೆಯನ್ನು ನಾನು ಕೇಳಿದೆ, ಅವಳು ಕೊಡಲಿಲ್ಲ. ಕೊಡದೇ ಇದ್ದದ್ದಕ್ಕೆ ನನಗೆ ಇನ್ನೂ ಖುಷಿಯಾಯಿತು.

ನಡುವೆ ಸ್ಮಾರ್ಟ್ ಕ್ಲಾಸ್ ಬಂತು. ಪರದೆ, ಪ್ರೊಜೆಕ್ಟರು, ಬಟನ್ ಒತ್ತಿದರೆ ಲೋಕದ ಚಿತ್ರವೆಲ್ಲ. ಟ್ರಂಕನ್ನು ಅಟ್ಟಕ್ಕೆ ಹಾಕಿ ಎಂದರು. ನಾನು ಹೊಸದನ್ನು ಬೇಡ ಎನ್ನುವವಳಲ್ಲ, ದೊಡ್ಡದಾಗಿ ಕಂಡರೆ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಪಿರಿಯಡ್ಡಿಗೆ ಐವತ್ತು ಚಿತ್ರ ಓಡಿಸಿ ಪಾಠ ಆಯಿತು ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ನೀವು ಹಾಗೆ ಮಾಡಬೇಡಿ. ಕರೆಂಟು ಇದ್ದ ದಿನ ಪರದೆಯ ಮೇಲೂ ಒಂದೇ ಚಿತ್ರ ತೋರಿಸಿ.

ಪದ್ಮ ಹತ್ತನೇ ತರಗತಿಗೆ ಬಂದ ವರ್ಷ ಹೊಸ ಹೆಡ್ ಮಾಸ್ಟರು ಬಂದರು. ಕೆಟ್ಟ ಮನುಷ್ಯರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟು ತೆಗೆಸುತ್ತಿದ್ದರು, ಶೌಚಾಲಯಕ್ಕೆ ನೀರು ಬರುವ ಹಾಗೆ ಮಾಡಿದವರೂ ಅವರೇ. ಆದರೆ ಫಲಿತಾಂಶ ಎನ್ನುವುದು ಅವರ ತಲೆಯ ಮೇಲೆ ಕೂತಿತ್ತು. ಹಿಂದಿನ ವರ್ಷ ಗಣಿತದಲ್ಲಿ ಬಹಳ ಮಕ್ಕಳು ಬಿದ್ದಿದ್ದರು, ಮೇಲಿನಿಂದ ಕಾಗದ ಬಂದಿತ್ತು. ದಸರಾ ರಜೆ ಮುಗಿದ ವಾರ ನನ್ನನ್ನು ಕರೆಸಿದರು.

"ಮೇಡಂ, ಹತ್ತನೇ ಕ್ಲಾಸಿನ ಗುರುವಾರದ ಪಿರಿಯಡ್ ವಿರೂಪಾಕ್ಷಪ್ಪನವರಿಗೆ ಕೊಟ್ಟುಬಿಡ್ರಿ. ಮಾರ್ಚ್ ತನಕ ಅಷ್ಟೇ."

"ಕೊಡಲ್ಲ ಸರ್" ಎಂದೆ.

ತಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನ್ನುವ ಹಾಗೆ ನನ್ನನ್ನು ನೋಡಿದರು. "ನಾನು ಕೇಳ್ತಾ ಇಲ್ಲ ಮೇಡಂ, ಹೇಳ್ತಾ ಇದೀನಿ."

"ನಾನೂ ಹೇಳ್ತಾ ಇದೀನಿ ಸರ್. ವಾರಕ್ಕೆ ಅವರಿಗೆ ಆರು ಪಿರಿಯಡ್ ಐತೆ, ಬೆಳಿಗ್ಗೆ ಸ್ಪೆಷಲ್ ಕ್ಲಾಸೂ ಐತೆ. ಆ ಕ್ಲಾಸಿಗೆ ನನಗೆ ಇರೋದು ಒಂದು."

"ನಿಮ್ಮ ಪದ್ಮ ಗಣಿತದಲ್ಲಿ ಎಷ್ಟು ತೆಗ್ದಿದಾಳೆ ನೋಡ್ರಿ" ಎಂದು ಅಂಕಪಟ್ಟಿ ತಿರುಗಿಸಿ ಇಟ್ಟರು. ಅವಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಟ್ಟದಾಗಿ ಫೇಲಾಗಿದ್ದಳು. "ನಾಳೆ ಈ ಹುಡುಗಿ ಪಬ್ಲಿಕ್ಕಲ್ಲಿ ಬಿದ್ರೆ ಓದು ಅಲ್ಲಿಗೇ ನಿಲ್ತೈತೆ. ನಿಮ್ಮ ನವಿಲು ಬಂದು ಪಾಸು ಮಾಡಿಸ್ತದಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಬಾಯಲ್ಲಿ ಬಂದದ್ದು ಇಲ್ಲ ಎಂಬ ಮಾತೇ. ಎರಡು ದಿನ ಬಿಟ್ಟು ಮೆಮೊ ಬಂತು. ಆದೇಶ ಪಾಲಿಸದ್ದಕ್ಕೆ ವಿವರಣೆ ಕೊಡಿ ಎಂದು. ನಾನು ಒಂದು ಹಾಳೆಯಲ್ಲಿ, ವೇಳಾಪಟ್ಟಿಯಲ್ಲಿ ನನಗೆ ಕೊಟ್ಟ ಪಾಠವನ್ನು ನಾನು ಮಾಡುತ್ತಿದ್ದೇನೆ, ಅದನ್ನು ಯಾಕೆ ಮಾಡುತ್ತಿದ್ದೀರಿ ಎಂದು ಕೇಳುವ ಮೆಮೊವನ್ನು ಬೇರೆ ಯಾವ ವಿಷಯದ ಶಿಕ್ಷಕರಿಗಾದರೂ ಕೊಟ್ಟಿದ್ದೀರಾ ದಯವಿಟ್ಟು ತಿಳಿಸಿ ಎಂದು ಬರೆದೆ. ಅಕ್ಷರ ಬಹಳ ಚೆನ್ನಾಗಿತ್ತು, ಅದೊಂದು ನನ್ನ ಸೊಕ್ಕು.

ಹೆಡ್ ಮಾಸ್ಟರು ಪೋಷಕರ ಸಭೆ ಕರೆದರು. ಪೋಷಕರೆಲ್ಲ ಒಪ್ಪಿ ಸಹಿ ಮಾಡಿದರೆ ನನ್ನ ಬಾಯಿ ಮುಚ್ಚುತ್ತದೆ ಎಂಬುದು ಅವರ ಲೆಕ್ಕ. ಮಗ್ಗ ನಿಲ್ಲಿಸಿ, ಕೂಲಿ ಬಿಟ್ಟು ಜನ ಬಂದಿದ್ದರು. ಹೆಡ್ ಮಾಸ್ಟರು ಚೆನ್ನಾಗಿಯೇ ಮಾತಾಡಿದರು, ಮಕ್ಕಳ ಭವಿಷ್ಯ ಎಂದರು. ಹಾಳೆ ಕೈಯಿಂದ ಕೈಗೆ ಹೋಗುತ್ತಿತ್ತು, ಎಲ್ಲರೂ ಸಹಿ ಮಾಡುತ್ತಿದ್ದರು. ನಾಗಭೂಷಣ ಹಾಳೆ ಹಿಡಿದು ನನ್ನ ಕಡೆ ತಿರುಗಿದರು.

"ಟೀಚರಮ್ಮ, ಬೇಜಾರು ಮಾಡ್ಕೋಬ್ಯಾಡ್ರಿ. ನವಿಲು ನಾನು ಮನೇಲಿ ಕಲಿಸ್ತೀನಿ. ಲೆಕ್ಕ ನನಗೆ ಬರಲ್ಲ" ಎಂದರು.

ನಾನು ಅವರನ್ನೇ ನಂಬಿ ಕೂತಿದ್ದೆ. ಇಡೀ ಸಭೆಯಲ್ಲಿ ನನ್ನ ಪರ ನಿಲ್ಲುವ ಒಬ್ಬ ಮನುಷ್ಯ ಇವರು ಎಂದುಕೊಂಡಿದ್ದೆ. ಎದ್ದು ನಿಂತೆ.

"ನವಿಲು ನಾನು ಕಲಿಸ್ತಾ ಇಲ್ಲ ಅಣ್ಣಾರೆ. ನವಿಲು ನಿಮ್ಮನೇದು. ರೇಷ್ಮೆ ಕೊಡೋ ಯಜಮಾನರು ಕೊಟ್ಟ ಗ್ರಾಫ್ ನೋಡಿ ನೀವು ನೇಯ್ತೀರಿ, ನಿಮ್ಮಪ್ಪಾರೂ ನೇಯ್ದರು. ಆ ಗ್ರಾಫನ್ನ ಮೊದ್ಲು ಯಾರು ಬರೆದ್ರು, ಯಾಕೆ ಹಂಗೇ ಬರೆದ್ರು, ಬೇರೆ ಥರ ಬರೆದೋರು ಯಾರಾದ್ರೂ ಇದ್ರಾ ಅಂತ ಕೇಳೋದು ನಾನು ಕಲಿಸ್ತಾ ಇದೀನಿ. ಅದನ್ನ ಮನೇಲಿ ಕಲಿಸ್ತೀರಾ?"

ನಾಗಭೂಷಣ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಹೋದ ತಿಂಗಳು ಇವ್ಳು ನನ್ನ ಕೇಳಿದ್ಲು, ನಮ್ಮ ನವಿಲು ಯಾಕೆ ಯಾವಾಗ್ಲೂ ಒಂದೇ ಕಡೆ ನೋಡ್ತೈತೆ ಅಂತ. ನಾನು ನಮ್ಮಪ್ಪನ್ನ ಕೇಳಿರ್ಲಿಲ್ಲ" ಎಂದರು. ಆಮೇಲೆ ಸಹಿ ಮಾಡಿದರು. ನನಗೆ ಅವರ ಮೇಲೆ ಆ ದಿನ ಬಹಳ ಕೋಪ ಬಂತು. ಈಗ ಇಲ್ಲ. ಮಗಳು ಫೇಲಾಗುತ್ತಾಳೆಂದು ಹೆದರಿಸಿದ ಮೇಲೆ ಯಾವ ತಂದೆ ಬೇರೆ ಏನು ಮಾಡಿಯಾನು?

ಸಹಿಗಳ ಹಾಳೆ ಬಂದ ಮೇಲೂ ನಾನು ಪಿರಿಯಡ್ ಕೊಡಲಿಲ್ಲ. ಮುಂದಿನ ಗುರುವಾರ ಮೂರನೇ ಗಂಟೆ ಮುಗಿಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆ. ವಿರೂಪಾಕ್ಷಪ್ಪನವರು ಪುಸ್ತಕ ಹಿಡಿದು ಬಂದರು, ನನ್ನ ಮುಖ ನೋಡಿದರು, "ಏನ್ ಮೇಡಂ, ನನ್ನ ಒದ್ದು ಕಳಿಸ್ತೀರೇನು?" ಎಂದರು. ಬೇಕಾದರೆ ಹಾಗೇ ಮಾಡುತ್ತೇನೆ ಎಂದೆ. ಅವರು ನಕ್ಕುಬಿಟ್ಟರು. ಆ ಸಂಜೆ ಅವರ ಹತ್ತಿರ ಕೂತು ಒಂದು ಒಪ್ಪಂದ ಮಾಡಿಕೊಂಡೆ. ಸ್ಪೆಷಲ್ ಕ್ಲಾಸಿಗಿಂತ ಅರ್ಧ ಗಂಟೆ ಮೊದಲು ಬಂದು ಅವರು ಪದ್ಮಳಿಗೂ ಅವಳಂಥ ಇನ್ನೂ ಐದಾರು ಮಕ್ಕಳಿಗೂ ಗಣಿತ ಹೇಳಬೇಕು, ಅದಕ್ಕೆ ಬದಲು ಅವರ ತರಗತಿಯ ರಿಜಿಸ್ಟರು, ಪ್ರಗತಿಪತ್ರ, ಆನ್‌ಲೈನ್ ದಾಖಲೆ ಎಲ್ಲ ನಾನು ಮಾಡಬೇಕು. ಮಾರ್ಚ್ ತನಕ ಮಾಡಿದೆ. ಕಣ್ಣು ನೋವು ಬಂತು. ಪದ್ಮ ಒಂದು ದಿನವೂ ತಪ್ಪಿಸಲಿಲ್ಲ, ಬೆಳಿಗ್ಗೆ ಅಪ್ಪನಿಗೆ ಎಳೆ ಸುತ್ತಿಕೊಟ್ಟು ಓಡಿ ಬರುತ್ತಿದ್ದಳು.

ಹೆಡ್ ಮಾಸ್ಟರು ಆ ವರ್ಷವಿಡೀ ನನ್ನ ಜೊತೆ ಮಾತಾಡಲಿಲ್ಲ. ನನ್ನ ರಜೆ ಅರ್ಜಿಯನ್ನೂ ಸಹಿ ಮಾಡಿ ಜವಾನರ ಕೈಯಲ್ಲೇ ವಾಪಸ್ ಕಳಿಸುತ್ತಿದ್ದರು. ಗುರುವಾರ ನಾಲ್ಕನೇ ಗಂಟೆ ಹೊಡೆದಾಗ ಮಾತ್ರ ತಮ್ಮ ಕೋಣೆಯ ಬಾಗಿಲಿಗೆ ಬಂದು, ನಾನು ಟ್ರಂಕಿನಿಂದ ರಟ್ಟು ತೆಗೆದುಕೊಂಡು ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ಫಲಿತಾಂಶ ಬಂತು. ಶಾಲೆಯದು ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು. ಬೆಳಗಿನ ಆ ಮಕ್ಕಳಲ್ಲಿ ಪದ್ಮ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಪಾಸು. ಪದ್ಮ ಗಣಿತದಲ್ಲಿ ಬಿದ್ದಿದ್ದಳು.

ಹೆಡ್ ಮಾಸ್ಟರು ಕರೆಸಿ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಅವಳ ಹೆಸರಿನ ಮೇಲೆ ಬೆರಳಿಟ್ಟರು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಹೊರಗೆ ಬಂದೆ. ನನ್ನ ಹಟಕ್ಕೆ ಆ ಹುಡುಗಿಯನ್ನು ಬಲಿ ಕೊಟ್ಟೆನೇನೋ ಅನ್ನಿಸಿತು. ವಾರಕ್ಕೊಂದು ಪಿರಿಯಡ್, ಅಕ್ಟೋಬರಿನಿಂದ ಮಾರ್ಚ್ ತನಕ. ಅಷ್ಟರಲ್ಲಿ ಒಂದು ಅಧ್ಯಾಯ ಕಲಿಯುತ್ತಿದ್ದಳೋ ಏನೋ, ಆ ಅಧ್ಯಾಯವೇ ಅವಳನ್ನು ಪಾಸು ಮಾಡಿಸುತ್ತಿತ್ತೋ ಏನೋ. ಇದನ್ನು ಯಾರೂ ಇಲ್ಲ ಎಂದು ಸಾಧಿಸಲಾರರು, ನಾನಂತೂ ಸಾಧಿಸಲಾರೆ.

ಅಲ್ಲಿಂದ ನೇರ ಅವಳ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳುವುದಕ್ಕೇ ಹೋದೆ. ಮಗ್ಗ ನಿಂತಿತ್ತು. ನಾಗಭೂಷಣ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು, ನನ್ನನ್ನು ಕಂಡು ಎದ್ದು ನಿಂತರು. ಬೈಯುತ್ತಾರೆ ಎಂದುಕೊಂಡೆ. "ಒಳಗೆ ಬರ್ರಿ ಟೀಚರಮ್ಮ, ಬಿಸಿಲು" ಎಂದರಷ್ಟೇ. ಪದ್ಮ ನೆಲದ ಮೇಲೆ ಕೂತು ಗ್ರಾಫ್ ಹಾಳೆ ಹರಡಿಕೊಂಡಿದ್ದಳು. ಕಣ್ಣು ಅತ್ತು ಊದಿದ್ದವು, ಪೆನ್ಸಿಲ್ ಮಾತ್ರ ಕೈಯಲ್ಲಿತ್ತು.

"ನಾನು ಆ ಪಿರಿಯಡ್ ಕೊಟ್ಟುಬಿಡಬೇಕಾಗಿತ್ತು ಪದ್ಮ" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ವರಾಂಡದಲ್ಲಿ ನಿಂತಿದ್ದ ಹುಡುಗಿಯ ಹೆದರಿಕೆ ಅವಳಲ್ಲಿ ಇರಲಿಲ್ಲ. ನನ್ನ ಮೇಲೆ ಸಿಟ್ಟು ಬಂದ ಹಾಗೆ ಕಂಡಿತು.

"ಕೊಟ್ಟಿದ್ರೂ ನಾನು ಫೇಲೇ ಟೀಚರ್. ಆರು ಪಿರಿಯಡ್‌ನಾಗೆ, ದಿನಾ ಬೆಳಿಗ್ಗೆ ಬಂದ್ರೂ ತಲೆಗೆ ಹತ್ತದ್ದು ಏಳನೇದ್ರಾಗೆ ಹತ್ತತಿತ್ತಾ? ಲೆಕ್ಕದ ಪರೀಕ್ಷೆ ಜೂನಲ್ಲಿ ಮತ್ತೆ ಐತೆ, ಫೀಸು ಕಟ್ಟಿ ಬಂದೀನಿ. ಗುರುವಾರದ್ದು ಮತ್ತೆ ಎಲ್ಲಿತ್ತು? ನೀವು ಕೊಟ್ಟಿದ್ರೆ ಎರಡೂ ಹೋಗ್ತಿತ್ತು."

ನಾಗಭೂಷಣ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಬಂದು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಮಗ್ಗ ಶುರು ಮಾಡಿದರು. ನಾನು ಅಲ್ಲೇ ಕೂತು ಅತ್ತೆ, ನನಗೆ ನಾಚಿಕೆ ಆಗಲಿಲ್ಲ.

ಶಾಲೆ ಶುರುವಾದ ವಾರ ಹೆಡ್ ಮಾಸ್ಟರು ವೇಳಾಪಟ್ಟಿಯ ದೊಡ್ಡ ಹಾಳೆಯನ್ನು ನನ್ನ ಮೇಜಿಗೆ ಕಳಿಸಿದರು. ಅದಕ್ಕೆ ಗೆರೆ ಹಾಕಿ, ಹೆಸರುಗಳನ್ನು ಅಂದವಾಗಿ ಬರೆದುಕೊಡುವುದೂ ಡ್ರಾಯಿಂಗ್ ಟೀಚರ್ ಕೆಲಸವೇ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕಳಿಸಿದ್ದರು. ಹತ್ತನೇ ತರಗತಿ, ಗುರುವಾರ, ನಾಲ್ಕನೆಯದು, ಗಣಿತ. ನಾನು ರಬ್ಬರು ತೆಗೆದುಕೊಂಡು ಅದನ್ನು ಅಳಿಸಿದೆ, ಚೂರು ಉಳಿಯದ ಹಾಗೆ. ಆಮೇಲೆ ದಪ್ಪ ನಿಬ್ಬಿನ ಪೆನ್ನಿನಲ್ಲಿ, ಕಪ್ಪು ಇಂಕಿನಲ್ಲಿ, ಹೊರಗಿನ ವರಾಂಡದಿಂದಲೂ ಕಾಣುವಷ್ಟು ದೊಡ್ಡದಾಗಿ ಆ ಚೌಕದಲ್ಲಿ ನನ್ನ ಹೆಸರು ಬರೆದು, ನಾನೇ ಒಯ್ದು ನೋಟಿಸ್ ಬೋರ್ಡಿಗೆ ಮೊಳೆ ಹೊಡೆದು ಬಂದೆ.